ಹಳೆಯ ಮಾತ್ರೆಗಳಿಗೆ ಹೊಸ ಪರೀಕ್ಷೆ



ಕಾಯಿಲೆಗಳಲ್ಲಿ ಹತ್ತು ಜನರೆದುರು ಹೇಳಿಕೊಳ್ಳುವಂಥವು ಕೆಲವು, ಹೆಂಡತಿಗೂ ಹೇಳದೆ ಮುಚ್ಚಿಟ್ಟುಕೊಳ್ಳುವಂಥವು ಕೆಲವು. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು ಇವೆಲ್ಲ ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಧಾರಾಳವಾಗಿ ಚರ್ಚೆಯಾಗುತ್ತವೆ. ಪ್ರಾಸ್ಟೇಟ್ ಎಂಬ ಮಾತು ಮಾತ್ರ ಅಲ್ಲಿ ಕೇಳಿಬರುವುದಿಲ್ಲ. ಹೊಸೂರು ಸೀಮೆಯ ನಮ್ಮ ಧರ್ಮಕೇಂದ್ರದಲ್ಲಿ ತಿಂಗಳಿಗೊಮ್ಮೆ ರೋಗಿಗಳ ಮನೆಗೆ ಹೋಗಿ ಬರುವ ನಾವು ಕೆಲವರಿದ್ದೇವೆ. ಈ ಕಾಯಿಲೆಯ ಹೆಸರು ನಮ್ಮ ಕಿವಿಗೆ ಬೀಳುವುದು ಮನೆಯವರು ಕಾಫಿ ತರಲು ಒಳಗೆ ಹೋದಾಗ, ಅದೂ ಪಿಸುಮಾತಿನಲ್ಲಿ.

ಪ್ರಾಸ್ಟೇಟ್ ಎಂದರೆ ಗಂಡಸರಲ್ಲಿ ಮಾತ್ರ ಇರುವ, ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ, ನೆಲ್ಲಿಕಾಯಿ ಗಾತ್ರದ ಒಂದು ಗ್ರಂಥಿ. ವಯಸ್ಸಾದಂತೆ ಬಹಳ ಜನರಲ್ಲಿ ಅದು ದಪ್ಪವಾಗುತ್ತದೆ. ಹಾಗೆ ದಪ್ಪವಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಕೆಲವರಲ್ಲಿ ಅದು ಕ್ಯಾನ್ಸರ್ ಆಗಿ, ಅವರಲ್ಲಿಯೂ ಕೆಲವರಿಗೆ ಮೂಳೆಗೆ ಹರಡುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಆ ಪಿಸುಮಾತಿನ ಜೊತೆಗೆ ಒಂದು ಪ್ರಶ್ನೆಯೂ ಸೇರಿಕೊಂಡಿದೆ. “ಸಕ್ಕರೆ ಕಾಯಿಲೆ ಮಾತ್ರೆಯಿಂದಲೇ ಕ್ಯಾನ್ಸರ್ ಸಾಯುತ್ತದಂತೆ, ಹೌದಾ?” “ಹುಳುವಿನ ಮಾತ್ರೆ ಸಾಕಂತೆ, ಡಾಕ್ಟರುಗಳು ಹೇಳುವುದಿಲ್ಲವಂತೆ, ನಿಜವಾ?” ಇದು ಎಲ್ಲಿಂದ ಬಂತು ಎಂದು ಕೇಳಿದರೆ ಕೈ ಫೋನಿನ ಕಡೆಗೆ ಹೋಗುತ್ತದೆ. ಗಡಿಯಲ್ಲಿರುವ ನಮ್ಮ ಪಾಡು ನಿಮಗೆ ಗೊತ್ತೇ ಇದೆ. ಇಲ್ಲಿನ ಆಸ್ಪತ್ರೆಯ ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬೆಂಗಳೂರಿಗೆ ಹೋದರೆ ಕನ್ನಡದಲ್ಲಿ ಮಾತನಾಡುವ ಡಾಕ್ಟರು ಸಿಗುತ್ತಾರೆ, ಆದರೆ ಹೊರಗೆ ಇನ್ನೂರು ಜನ ಕಾದಿರುವಾಗ ಅವರಿಗೆ ಐದು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ. ನಮ್ಮ ಹಿರಿಯರ ಪಕ್ಕದಲ್ಲಿ ಕುಳಿತು, ಅವರದೇ ಭಾಷೆಯಲ್ಲಿ, ಬಿಡುವಾಗಿ ಮಾತನಾಡುವುದು ಫೋನ್ ಒಂದೇ. ಅದು ಹೇಳಿದ್ದನ್ನು ಅವರು ನಂಬಿದರೆ ಆಶ್ಚರ್ಯವೇನು?

ನಾವು ವೈದ್ಯರಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದ ಸಿಸ್ಟರ್ ಒಬ್ಬರ ನೆರವಿನಿಂದ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ತಟ್ಟೆಯೊಳಗಿನ ಕೆಲಸ

ಮೊದಲಿಗೇ ಒಂದು ಮಾತು ಹೇಳಬೇಕು. ಫೋನಿನಲ್ಲಿ ಬರುವ ಆ ಸುದ್ದಿ ಪೂರ್ತಿ ಸುಳ್ಳಲ್ಲ. ಬೇರೆ ಕಾಯಿಲೆಗೆಂದು ಬಂದ ಹಳೆಯ ಔಷಧಿಗಳು ಕ್ಯಾನ್ಸರ್ ಜೀವಕೋಶಗಳ ಮೇಲೆ ಕೆಲಸ ಮಾಡುತ್ತವೆಯೇ ಎಂದು ಪ್ರಯೋಗಾಲಯಗಳಲ್ಲಿ ನಿಜವಾಗಿಯೂ ಪರೀಕ್ಷಿಸುತ್ತಾರೆ. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಹೊಸ ಔಷಧಿಯೊಂದನ್ನು ಮೊದಲಿನಿಂದ ಹುಡುಕಿ ರೋಗಿಯ ಕೈಗೆ ತಲುಪಿಸಲು ಹತ್ತು ಹದಿನೈದು ವರ್ಷ ಹಿಡಿಯುತ್ತದೆ, ಖರ್ಚಿಗೆ ಲೆಕ್ಕವಿಲ್ಲ. ಹಳೆಯ ಔಷಧಿಯಾದರೆ ಅದರ ಗುಣ, ದೋಷ, ಪ್ರಮಾಣ ಎಲ್ಲ ಆಗಲೇ ಗೊತ್ತಿರುತ್ತದೆ. ಬೆಲೆಯೂ ಕಡಿಮೆ. ಬಡವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ಪರೀಕ್ಷೆ ನಡೆಯುವ ರೀತಿ ಹೀಗೆ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಪಡ್ಡಿನ ಹಂಚಿನ ಹಾಗೆ ಸಾಲು ಸಾಲು ಗುಳಿಗಳು, ಒಟ್ಟು 96. ಪ್ರತಿ ಗುಳಿಯಲ್ಲಿ ಸಾವಿರಾರು ಕ್ಯಾನ್ಸರ್ ಜೀವಕೋಶಗಳನ್ನು, ಅವು ಬದುಕಲು ಬೇಕಾದ ಸಕ್ಕರೆ, ಲವಣ, ಕರುವಿನ ರಕ್ತದಿಂದ ತೆಗೆದ ಸೀರಂ ಇರುವ ದ್ರವದಲ್ಲಿ ಇಡುತ್ತಾರೆ. ನಮ್ಮ ಮೈಯಷ್ಟೇ ಬಿಸಿ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಇರುವ ಪೆಟ್ಟಿಗೆಯಲ್ಲಿ ಅವು ಬೆಳೆಯುತ್ತವೆ. ಆಮೇಲೆ ಒಂದೊಂದು ಗುಳಿಗೆ ಒಂದೊಂದು ಔಷಧಿಯನ್ನು, ಇಲ್ಲವೇ ಒಂದೇ ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಕೆಲವು ಗುಳಿಗಳಿಗೆ ಔಷಧಿ ಹಾಕುವುದೇ ಇಲ್ಲ. ಹೋಲಿಸಿ ನೋಡಲು ಅವು ಬೇಕು. ಎರಡು ಮೂರು ದಿನ ಬಿಟ್ಟು ಒಂದು ಹಳದಿ ಬಣ್ಣದ ದ್ರಾವಣ ಹಾಕುತ್ತಾರೆ. ಬದುಕಿರುವ ಜೀವಕೋಶ ಆ ಹಳದಿಯನ್ನು ನೇರಳೆಯಾಗಿ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ಯಾವ ಗುಳಿಯಲ್ಲಿ ನೇರಳೆ ಕಡಿಮೆಯೋ ಅಲ್ಲಿನ ಔಷಧಿ ಏನೋ ಕೆಲಸ ಮಾಡಿದೆ ಎಂದು ಲೆಕ್ಕ. ಇದು 1983ರಿಂದ ಬಳಕೆಯಲ್ಲಿರುವ ವಿಧಾನ.

ಹೀಗೆ ನಡೆದ ಒಂದು ದೊಡ್ಡ ಹುಡುಕಾಟದ ವರದಿ 2011ರಲ್ಲಿ ಬಂತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 3,187 ಔಷಧಿ ಪದಾರ್ಥಗಳನ್ನು ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿ ನೋಡಿದರು. ಮುಂದೆ ನಿಂತವುಗಳಲ್ಲಿ ಡಿಗಾಕ್ಸಿನ್ ಒಂದು. ನಮ್ಮ ಮನೆಗಳಲ್ಲೂ ಹೃದಯದ ಕಾಯಿಲೆಯವರು ನುಂಗುವ ಅದೇ ಚಿಕ್ಕ ಮಾತ್ರೆ. ಅವರು ಅಲ್ಲಿಗೇ ನಿಲ್ಲಲಿಲ್ಲ. 1986ರಿಂದ 2006ರವರೆಗೆ ಆರೋಗ್ಯದ ವಿವರ ಬರೆದಿಟ್ಟಿದ್ದ 47,884 ಗಂಡಸರ ದಾಖಲೆಗಳನ್ನು ತೆಗೆದು ನೋಡಿದರು. ಡಿಗಾಕ್ಸಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 24ರಷ್ಟು ಕಡಿಮೆ ಕಂಡುಬಂತು.

ಇಷ್ಟು ಕೇಳಿದವರು “ಹಾಗಾದರೆ ನಾವೂ ಡಿಗಾಕ್ಸಿನ್ ನುಂಗೋಣ” ಎನ್ನಬಹುದು. ನಿಲ್ಲಿ. ತಟ್ಟೆಯಲ್ಲಿ ಕ್ಯಾನ್ಸರನ್ನು ತಡೆದ ಪ್ರಮಾಣ ಹೃದ್ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಬಹಳ ಹೆಚ್ಚಿನದು. ಡಿಗಾಕ್ಸಿನ್‌ನಲ್ಲಿ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ತೀರ ಚಿಕ್ಕದು. ಸ್ವಲ್ಪ ಹೆಚ್ಚಾದರೂ ಹೃದಯದ ಬಡಿತವೇ ಕೆಡುತ್ತದೆ. ಅದೂ ಅಲ್ಲದೆ, ಆ ಮಾತ್ರೆ ತೆಗೆದುಕೊಳ್ಳುವವರು ಇತರರಿಗಿಂತ ಹಲವು ರೀತಿಯಲ್ಲಿ ಬೇರೆಯವರು. ವ್ಯತ್ಯಾಸ ಮಾತ್ರೆಯಿಂದಲೇ ಬಂತೆಂದು ದಾಖಲೆಯೊಂದರಿಂದಲೇ ಹೇಳಲಾಗದು. ಆ ವಿಜ್ಞಾನಿಗಳೂ ಹಾಗೆ ಹೇಳಲಿಲ್ಲ.

ಹೆಸರಿಲ್ಲದ ಮೂವರು

ತಟ್ಟೆಯಲ್ಲಿರುವ ಆ ಜೀವಕೋಶಗಳು ಯಾರವು? ಈ ಪ್ರಶ್ನೆ ನಮ್ಮಲ್ಲಿ ಒಬ್ಬರು ಕೇಳಿದರು. ಕ್ರೈಸ್ತರಾದ ನಾವು ಕೇಳಲೇಬೇಕಾದ ಪ್ರಶ್ನೆ.

ಪ್ರಪಂಚದ ಪ್ರಯೋಗಾಲಯಗಳಲ್ಲಿ ಈ ಕೆಲಸಕ್ಕೆ ಬಹಳವಾಗಿ ಬಳಸುವುದು ಮೂರು ಸಂತತಿಯ ಜೀವಕೋಶಗಳನ್ನು. ಮೂರೂ 1970ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಸಲು ಆರಂಭಿಸಿದವು. ಎಲ್‌ಎನ್‌ಕ್ಯಾಪ್ ಎಂಬುದು 50 ವರ್ಷದ ಒಬ್ಬ ರೋಗಿಯ ದುಗ್ಧಗ್ರಂಥಿಯಿಂದ ತೆಗೆದದ್ದು. ಪಿಸಿ-3 ಎಂಬುದು 62 ವರ್ಷದವರೊಬ್ಬರ ಮೂಳೆಗೆ ಹರಡಿದ್ದ ಗಡ್ಡೆಯಿಂದ ಬಂದದ್ದು. ಡಿಯು-145 ಎಂಬುದು 69 ವರ್ಷದವರೊಬ್ಬರ ಮೆದುಳಿಗೆ ಹರಡಿದ್ದ ಗಡ್ಡೆಯಿಂದ ಬಂದದ್ದು. ಆ ಮೂವರೂ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳು. ಅವರನ್ನು ನರಳಿಸಿದ ಜೀವಕೋಶಗಳು ಇವತ್ತಿಗೂ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತ, ಇನ್ನೊಬ್ಬರ ನರಳಿಕೆಗೆ ಮದ್ದು ಹುಡುಕಲು ನೆರವಾಗುತ್ತಿವೆ.

ಇವು ಒಂದರಂತೆ ಒಂದಿಲ್ಲ. ಎಲ್‌ಎನ್‌ಕ್ಯಾಪ್ ಜೀವಕೋಶಗಳಿಗೆ ಬೆಳೆಯಲು ಗಂಡು ಹಾರ್ಮೋನ್ ಬೇಕು. ಇನ್ನೆರಡಕ್ಕೆ ಅದರ ಹಂಗಿಲ್ಲ. ಒಂದರಲ್ಲಿ ಗೆದ್ದ ಔಷಧಿ ಇನ್ನೊಂದರಲ್ಲಿ ಸೋಲುವುದುಂಟು. ಒಂದೇ ಹೆಸರಿನ ಕಾಯಿಲೆ ನಿಮ್ಮಲ್ಲಿ ಒಂದು ರೀತಿ, ನೆರೆಮನೆಯವರಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುವುದಕ್ಕೂ ಇಂಥದೇ ಕಾರಣ. “ಅವರಿಗೆ ಗುಣವಾಯಿತು, ನನಗೇಕೆ ಆಗಲಿಲ್ಲ?” ಎಂದು ಕೊರಗುವವರು ಇದನ್ನು ನೆನಪಿಡಬೇಕು.

ಕೆಲವು ಜೀವಕೋಶಗಳನ್ನು ಗರ್ಭಪಾತದ ಶಿಶುಗಳಿಂದ ತೆಗೆದದ್ದೆಂದು ಕೇಳಿ ನಮ್ಮವರಿಗೆ ಮನಸ್ಸು ಕಳವಳಗೊಳ್ಳುತ್ತದೆ. ಇಲ್ಲಿ ಹೇಳಿದ ಮೂರೂ ವಯಸ್ಕ ರೋಗಿಗಳ ಗಡ್ಡೆಯಿಂದ ಬಂದವು, ಆ ತೊಡಕು ಇವುಗಳಿಗಿಲ್ಲ. ಆದರೆ ರೋಗಿಯ ಒಪ್ಪಿಗೆಯ ಪ್ರಶ್ನೆ ವಿಜ್ಞಾನದಲ್ಲಿ ತಡವಾಗಿ ಬಂತೆಂಬುದು ನಿಜ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಜೀವಕೋಶಗಳನ್ನು ಅವರನ್ನು ಕೇಳದೆಯೇ ತೆಗೆದರು. ಅವು ಲೋಕದ ತುಂಬ ಹರಡಿದವು. ಅವರ ಮನೆಯವರಿಗೆ ಅದು ತಿಳಿದದ್ದೇ ಇಪ್ಪತ್ತು ವರ್ಷಗಳ ಮೇಲೆ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯಲ್ಲಿ ನಮ್ಮವರ ಹೆಸರುಗಳನ್ನು ಓದಿಸುವಾಗ, ತಮ್ಮ ಹೆಸರಿಲ್ಲದೆ ಬರೀ ಅಕ್ಷರ ಮತ್ತು ಅಂಕಿಯಾಗಿ ಉಳಿದಿರುವ ಇಂಥವರಿಗಾಗಿಯೂ ಒಂದು ಪ್ರಾರ್ಥನೆ ಹೇಳುವುದು ನ್ಯಾಯ ಎಂದು ನಮಗೆ ಅನ್ನಿಸುತ್ತದೆ.

ಗೆದ್ದದ್ದು, ಸೋತದ್ದು

ಹಳೆಯ ಔಷಧಿ ದಾರಿ ತೋರಿಸಿದ ನಿಜವಾದ ಕಥೆ ಒಂದಿದೆ. ಕೀಟೊಕೊನಜೋಲ್ ಎಂಬುದು ಚರ್ಮಕ್ಕೆ, ಒಳಗಿನ ಅಂಗಗಳಿಗೆ ತಗಲುವ ಶಿಲೀಂಧ್ರದ ಮದ್ದು. ಅದನ್ನು ನುಂಗುತ್ತಿದ್ದ ಕೆಲವು ಗಂಡಸರಿಗೆ ಎದೆ ಊದಿಕೊಂಡಿತು. ಏಕೆಂದು ನೋಡಿದರೆ ಆ ಔಷಧಿ ಗಂಡು ಹಾರ್ಮೋನ್ ತಯಾರಾಗುವುದನ್ನೇ ತಡೆಯುತ್ತಿತ್ತು. ಗಂಡು ಹಾರ್ಮೋನ್ ಕಡಿಮೆಯಾದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು ಶಿಕಾಗೋದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂದಿತ್ತು. ಹೀಗೆ 1980ರ ದಶಕದಲ್ಲಿ ಶಿಲೀಂಧ್ರದ ಮದ್ದನ್ನು ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡತೊಡಗಿದರು. ಅದು ಸ್ವಲ್ಪ ಕೆಲಸ ಮಾಡಿತು, ಆದರೆ ಉಪದ್ರವ ಹೆಚ್ಚು. ಅದೇ ಜಾಡು ಹಿಡಿದು ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಅಬಿರಾಟೆರೋನ್ ಎಂಬ ಹೊಸ ಔಷಧಿ ಮಾಡಿದರು. 2011ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ದೇಶದ ಕಂಪನಿಗಳೂ ಅದನ್ನು ತಯಾರಿಸುತ್ತವೆ. ಒಂದು ಉಪದ್ರವವೇ ಉಪಕಾರದ ದಾರಿ ತೋರಿಸಿತು.

ಸೋತ ಕಥೆಯನ್ನೂ ಹೇಳಬೇಕು, ಫೋನಿನಲ್ಲಿ ಅದು ಬರುವುದಿಲ್ಲವಾದ್ದರಿಂದ. ನಿಕ್ಲೋಸಮೈಡ್ ಎಂಬುದು ಲಾಡಿಹುಳುವಿನ ಮಾತ್ರೆ. ಬೇರೆ ಔಷಧಿಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳನ್ನು ಅದು ತಟ್ಟೆಯಲ್ಲಿ ತಡೆಯುತ್ತದೆಂದು 2014ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದವರು ತೋರಿಸಿದರು. ಎಲ್ಲರಿಗೂ ಸಂತೋಷವಾಯಿತು. ಆಮೇಲೆ ರೋಗಿಗಳಿಗೇ ಕೊಟ್ಟು ನೋಡಿದರು. ಆ ಮಾತ್ರೆಯ ಗುಣವೇ ಹೊಟ್ಟೆಯಲ್ಲಿ ಉಳಿದು ಹುಳುವನ್ನು ಕೊಲ್ಲುವುದು. ರಕ್ತಕ್ಕೆ ಅದು ಸೇರುವುದು ಬಹಳ ಕಡಿಮೆ. ಪ್ರಮಾಣ ಹೆಚ್ಚಿಸಿದರೆ ಕರುಳು ಕೆಡುತ್ತಿತ್ತು, ಕಡಿಮೆ ಕೊಟ್ಟರೆ ತಟ್ಟೆಯಲ್ಲಿ ಬೇಕಾದಷ್ಟು ರಕ್ತಕ್ಕೆ ಬರುತ್ತಿರಲಿಲ್ಲ. ಪ್ರಯೋಗವನ್ನು ನಿಲ್ಲಿಸಿದರು. 2018ರಲ್ಲಿ ಆ ವರದಿ ಪ್ರಕಟವಾಯಿತು. ತಟ್ಟೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ. ಮನುಷ್ಯನಿಗೆ ಅವೆಲ್ಲ ಇವೆ.

ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯದೂ ಹೆಚ್ಚುಕಡಿಮೆ ಇದೇ ಕಥೆ. ತಟ್ಟೆಯಲ್ಲಿ, ಇಲಿಗಳಲ್ಲಿ ಅದರ ಮೇಲೆ ಬಹಳ ಆಸೆ ಹುಟ್ಟಿತ್ತು. ಬ್ರಿಟನ್ನಿನಲ್ಲಿ 2005ರಿಂದ ನಡೆದ ಸ್ಟ್ಯಾಂಪೀಡ್ ಎಂಬ ದೊಡ್ಡ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆ ಇಲ್ಲದ 1,874 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಎಂದಿನ ಚಿಕಿತ್ಸೆ, ಒಂದು ಗುಂಪಿಗೆ ಮಾತ್ರ ಜೊತೆಗೆ ಮೆಟ್‌ಫಾರ್ಮಿನ್. 2024ರಲ್ಲಿ ತಿಳಿಸಿ 2025ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಆ ಮಾತ್ರೆಯಿಂದ ಆಯುಸ್ಸು ಹೆಚ್ಚಿತೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಹಾರ್ಮೋನ್ ಚಿಕಿತ್ಸೆಯಿಂದ ತೂಕ, ರಕ್ತದ ಸಕ್ಕರೆ, ಕೊಬ್ಬು ಏರುವುದನ್ನು ಮಾತ್ರ ಅದು ತಗ್ಗಿಸಿತು. ಇದೂ ಸಣ್ಣ ಉಪಕಾರವಲ್ಲ, ಆದರೆ ನಾವು ಆಸೆಪಟ್ಟ ಉಪಕಾರ ಇದಲ್ಲ.

ಹಾಗಾದರೆ ಇದೆಲ್ಲ ವ್ಯರ್ಥವೇ? ಅಲ್ಲ. ಆಗದು ಎಂದು ತಿಳಿಯುವುದೂ ತಿಳಿವಳಿಕೆಯೇ. ಹುಡುಕಾಟ ನಮ್ಮ ದೇಶದಲ್ಲೂ ನಡೆದಿದೆ. ತಲೆನೋವಿನ ಆಸ್ಪಿರಿನ್ ಮಾತ್ರೆ ಕ್ಯಾನ್ಸರ್ ಮರುಕಳಿಸುವುದನ್ನು ತಡೆಯುತ್ತದೆಯೇ ಎಂದು ನೋಡುವ ಆ್ಯಡ್-ಆಸ್ಪಿರಿನ್ ಎಂಬ ಪ್ರಯೋಗ 2015ರಲ್ಲಿ ಆರಂಭವಾಯಿತು. ಬ್ರಿಟನ್, ಐರ್ಲೆಂಡ್ ಜೊತೆಗೆ ಭಾರತದ ರೋಗಿಗಳೂ ಅದರಲ್ಲಿ ಸೇರಿದರು. ಹಳೆಯ ಔಷಧಿಗಳಿಂದ ಕಂಪನಿಗಳಿಗೆ ದೊಡ್ಡ ಲಾಭವಿಲ್ಲದ ಕಾರಣ ಇಂಥ ಕೆಲಸಕ್ಕೆ ಹಣ ಬರುವುದು ಹೆಚ್ಚಾಗಿ ಸರ್ಕಾರದಿಂದ, ಜನರ ಕಾಣಿಕೆಯಿಂದ ನಡೆಯುವ ಸಂಸ್ಥೆಗಳಿಂದ.

ದನದ ಮಾತ್ರೆ

ಈ ಬರಹಕ್ಕೆ ಕಾರಣವಾದ ಒಂದು ಮನೆಯ ವಿಷಯ ಹೇಳದೆ ಇರಲಾರೆವು. ಅವರ ಗುರುತು ಹೇಳುವುದಿಲ್ಲ. ಎಪ್ಪತ್ತು ದಾಟಿದ ಹಿರಿಯರು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರು, ನೋವು ಬಹಳ ಕಡಿಮೆಯಾಗಿತ್ತು. ಒಂದು ಸಲ ನಾವು ಹೋದಾಗ ಜಪಸರದ ಪಕ್ಕದಲ್ಲಿ ಒಂದು ಹೊಸ ಡಬ್ಬಿ ಇತ್ತು.

“ಇದೇನು ತಾತ, ಹೊಸ ಮಾತ್ರೆ?”

“ದನಕ್ಕೆ ಹಾಕೋ ಹುಳದ ಮಾತ್ರೆ ಕಣಪ್ಪ. ನಮ್ಮ ಅಳಿಯ ಫೋನಲ್ಲಿ ತೋರಿಸ್ದ. ಅಮೆರಿಕದವರೇ ಕಂಡುಹಿಡಿದವ್ರಂತೆ.”

“ಡಾಕ್ಟರಿಗೆ ಹೇಳಿದ್ರಾ?”

“ಬೈತಾರೆ ಅಂತ ಹೇಳಿಲ್ಲ. ಇಂಜೆಕ್ಷನ್ನೂ ಎರಡು ಸಲ ಬಿಟ್ಟಿದೀನಿ.”

ಅವರ ಜೊತೆ ಬಹಳ ಹೊತ್ತು ಕುಳಿತ ಮೇಲೆ ನಿಜ ಸಂಗತಿ ಹೊರಬಂತು. ಆ ಮಾತ್ರೆಯ ಮೇಲೆ ಅವರಿಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಪ್ರತಿ ಇಂಜೆಕ್ಷನ್ನಿಗೂ ಮಗಳು ಸಾಲ ಮಾಡುತ್ತಿದ್ದಳು. “ಸಾಯೋ ಮುದುಕನಿಗೆ ಮೊಮ್ಮಕ್ಕಳ ಫೀಸು ಯಾಕೆ ಸುರೀಬೇಕು?” ಎಂದರು. ಮೈ ಬಿಸಿಯೇರುವುದು, ಬೆವರುವುದು, ಗಂಡಸುತನ ಹೋಯಿತೆಂಬ ನಾಚಿಕೆ, ಇವೂ ಇದ್ದವು. ಯಾರಿಗೂ ಹೇಳಿರಲಿಲ್ಲ.

ನಾವು ಮಗಳನ್ನೂ ಕರೆದುಕೊಂಡು ಅವರ ಜೊತೆ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಬೈಯಲಿಲ್ಲ. ಡಬ್ಬಿಯನ್ನು ನೋಡಿ ರಕ್ತಪರೀಕ್ಷೆ ಬರೆದರು. ಯಕೃತ್ತಿನ ಅಂಕಿಗಳು ಏರಿದ್ದವು. ಆ ಮಾತ್ರೆಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲೂ ದಾಖಲಾಗಿದೆ. ಅದನ್ನು ನಿಲ್ಲಿಸಿದರು. ಆಮೇಲೆ ಹಣದ ಮಾತು ಬಂತು. ಇಂಜೆಕ್ಷನ್ ಮಾಡುವ ಕೆಲಸವನ್ನೇ ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಶಾಶ್ವತವಾಗಿ ಮಾಡಬಹುದೆಂದು ಡಾಕ್ಟರು ತಿಳಿಸಿದರು. ವೃಷಣವನ್ನು ತೆಗೆಯುವುದು. ಹಗಿನ್ಸ್ ಕಾಲದಿಂದ ಇರುವ ಚಿಕಿತ್ಸೆ, ಒಂದೇ ಸಲದ ಖರ್ಚು. ತಾತ ಎರಡು ವಾರ ಯೋಚಿಸಿದರು, ಫಾದರ್ ಜೊತೆಗೂ ಮಾತನಾಡಿದರು. ಪ್ರಾಣ ಉಳಿಸುವ ಚಿಕಿತ್ಸೆಯಲ್ಲಿ ಪಾಪವಿಲ್ಲವೆಂದು ಫಾದರ್ ಸಮಾಧಾನ ಹೇಳಿದರು. ತಾತ ಒಪ್ಪಿದರು. ಇನ್ನೂ ಎರಡು ಕ್ರಿಸ್ಮಸ್‌ಗಳನ್ನು ಅವರು ಮೊಮ್ಮಕ್ಕಳ ಜೊತೆ ಆಚರಿಸಿದರು.

ಆ ಮನೆ ನಮಗೆ ಕಲಿಸಿದ್ದು ಇದು. ಮನುಷ್ಯ ದನದ ಮಾತ್ರೆಗೆ ಕೈಹಾಕುವುದು ದಡ್ಡತನದಿಂದಲೇ ಅಲ್ಲ. ಮಕ್ಕಳಿಗೆ ಹೊರೆಯಾಗಬಾರದೆಂಬ ಪ್ರೀತಿಯಿಂದ, ಹೇಳಿಕೊಳ್ಳಲಾಗದ ನಾಚಿಕೆಯಿಂದ. ಅಂಥವರನ್ನು ಗದರಿಸಿದರೆ ಡಬ್ಬಿ ಹಾಸಿಗೆಯ ಕೆಳಗೆ ಹೋಗುತ್ತದೆ, ಅಷ್ಟೇ.

ನಮ್ಮ ಕೈಲಾದದ್ದು

ಇನ್ನು ಮುಂದೆ ಇಂಥ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳೋಣ. ಇದು ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಮನುಷ್ಯರಲ್ಲಾದರೆ ಎಷ್ಟು ಜನರಲ್ಲಿ, ಯಾರಿಗೆ ಹೋಲಿಸಿ? ಈಗಿನ ಚಿಕಿತ್ಸೆಯ ಜೊತೆಗೋ, ಅದನ್ನು ಬಿಟ್ಟೋ? ಚಿಕಿತ್ಸೆ ಬಿಡಿ ಎಂದು ಹೇಳುವ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸುವುದೇ ಬೇಡ.

ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಕಷಾಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸೋಣ. ಹಣದ ಕಷ್ಟವಿದ್ದರೆ ಅದನ್ನೂ ಬಾಯಿಬಿಟ್ಟು ಹೇಳೋಣ, ಅಗ್ಗದ ದಾರಿ ಇದ್ದರೆ ಅವರಿಗೆ ಗೊತ್ತಿರುತ್ತದೆ. ಮೂತ್ರ ತಡೆತಡೆದು ಬರುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಸೊಂಟದ ಮೂಳೆಯ ನೋವು ಬಿಡದಿದ್ದರೆ ವಯಸ್ಸಿನ ಲಕ್ಷಣವೆಂದು ಸುಮ್ಮನಿರಬಾರದು. ಮನೆಯ ಹೆಂಗಸರು ಕೇಳಲು ಸಂಕೋಚಪಟ್ಟರೆ ಮಗನೋ ಅಳಿಯನೋ ತಮ್ಮನೋ ಕೇಳಲಿ.

ಪ್ರಾರ್ಥನೆ ಬೇಕೋ ಔಷಧಿ ಬೇಕೋ ಎಂಬ ಪ್ರಶ್ನೆ ನಮ್ಮಲ್ಲಿ ಆಗಾಗ ಬರುತ್ತದೆ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಇಂದು ಸಂಜೆ ಮನೆಯಲ್ಲಿ ಓದಿ ನೋಡಿ. ದೇವರಿಗೆ ಪ್ರಾರ್ಥಿಸುವುದನ್ನೂ ವೈದ್ಯನಿಗೆ ದಾರಿ ಬಿಡುವುದನ್ನೂ ಅದು ಒಟ್ಟಿಗೇ ಹೇಳುತ್ತದೆ, ಮಣ್ಣಿನಿಂದ ಬಂದ ಮದ್ದನ್ನು ದೇವರ ಕೊಡುಗೆಯೆಂದೇ ಕಾಣುತ್ತದೆ. ಶುಭಸಂದೇಶ ಬರೆದ ಸಂತ ಲೂಕರೂ ವೈದ್ಯರೇ ಅಲ್ಲವೇ?

ಎಲ್ಲೋ ದೂರದ ಪ್ರಯೋಗಾಲಯದಲ್ಲಿ ಈ ಹೊತ್ತಿಗೂ ಯಾರೋ ಒಬ್ಬರು ಹಳದಿ ಉಳಿಯಿತೋ ನೇರಳೆಯಾಯಿತೋ ಎಂದು ಗುಳಿಗಳನ್ನು ನೋಡುತ್ತಿರುತ್ತಾರೆ. ಅವರ ತಾಳ್ಮೆಗಾಗಿ, ಪ್ರಯೋಗಕ್ಕೆ ತಮ್ಮ ದೇಹವನ್ನೇ ಒಪ್ಪಿಸಿದ ರೋಗಿಗಳಿಗಾಗಿ, ನಮ್ಮ ಮನೆಗಳಲ್ಲಿ ಬಾಯಿಬಿಡದೆ ನೋಯುತ್ತಿರುವ ತಂದೆ ತಾತಂದಿರಿಗಾಗಿ ಕ್ಯಾನ್ಸರ್ ರೋಗಿಗಳ ಪಾಲಕರಾದ ಸಂತ ಪೆರೆಗ್ರಿನ್‌ರ ಬೇಡುವಿಕೆಯನ್ನು ಕೋರೋಣ. ಕರುಣಾಮಯ ದೇವರು ನಮ್ಮ ಕುಟುಂಬಗಳನ್ನು ಹರಸಿ ಕಾಪಾಡಲಿ.